ಗಾಳಿಯಲ್ಲಿ ನಿಲ್ಲಿಸುವ ರೂಲು ಬರೆದವನು

ಆಗ ನನಗೆ ಅರವತ್ತೊಂದು ವರ್ಷ. ಹನ್ನೊಂದು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ನಮ್ಮ ಬೀದಿಯ ಹೆಂಗಸರು ಭಜನೆಗೆ ಹೋಗುತ್ತಿದ್ದರು. ನಾನು ನಂಜನಗೂಡಿನ ನಮ್ಮ ಮೆಸ್ಸಿನ ಊಟದ ಮೇಜಿನ ಮೇಲೆ ವಿಮಾನ ಹಾರಿಸುತ್ತಿದ್ದೆ. ಹಾರಿಸಿದ್ದಷ್ಟೇ ಅಲ್ಲ, ಗುದ್ದಿಸಿದೆ. ಗುದ್ದಿಸಿದ್ದಷ್ಟೇ ಅಲ್ಲ, ತಪ್ಪು ನನ್ನದಲ್ಲ ಎಂದು ಬಾಯಿ ಮಾಡಿದೆ.

ಆ ವಿಮಾನದ ಆಟ ಕಟ್ಟಿದವನು ಹೋದ ತಿಂಗಳು ತೀರಿಕೊಂಡ ಎಂದು ಸುದ್ದಿ ಬಂತು. ಅಳಲಿಲ್ಲ. ನಲವತ್ತು ವರ್ಷ ಈರುಳ್ಳಿ ಹೆಚ್ಚಿದ ಕಣ್ಣಿಗೆ ಅಳು ಅಷ್ಟು ಸುಲಭಕ್ಕೆ ಬರುವುದಿಲ್ಲ. ಬರೆಯಬೇಕು ಅನ್ನಿಸಿತು. ಸಾಕ್ಷರತೆ ಕ್ಲಾಸಿನಲ್ಲಿ ಕಲಿತ ಅಕ್ಷರ ನನ್ನದು, ಒತ್ತಕ್ಷರ ಬಂದರೆ ಪೆನ್ನು ನಿಂತುಬಿಡುತ್ತದೆ. ಅವನ ಹೆಸರು ಬರೆಯುವುದಿಲ್ಲ. ಇದ್ದಾಗಲೂ ನಾಲ್ಕು ಜನರ ಮುಂದೆ ಹೆಸರು ಹಿಡಿದು ಕೂಗಿದರೆ ಅವನಿಗೆ ಆಗುತ್ತಿರಲಿಲ್ಲ.

ಹತ್ತಿರದ ತಾಂಡ್ಯದ ಫ್ಯಾಕ್ಟರಿಗಳ ಜನ ನಮ್ಮ ಮೆಸ್ಸಿಗೆ ಉಣ್ಣಲು ಬರುತ್ತಿದ್ದರು. ಅವನೂ ಬಂದ. ಐವತ್ತರ ಹತ್ತಿರದ ಆಳು, ಉದ್ದಕ್ಕೆ, ಬಡಕಲು. ಎಲ್ಲಿ ಕೆಲಸ ಎಂದರೆ "ಸ್ಟೋರು" ಅಂದ. ಮೊದಲ ದಿನ ಬಾಗಿಲಲ್ಲೇ ನಿಂತು ತಲೆ ಎತ್ತಿ ಸೂರನ್ನು ನೋಡಿದ. ಜೇಡರಬಲೆ ನೋಡುತ್ತಿದ್ದಾನೆ ಅಂದುಕೊಂಡು ನನಗೆ ರೇಗಿತು. ಮರುದಿನ ಬಲೆ ಹೊಡೆದೆ. ಅಂದೂ ಬಂದು ಸೂರು ನೋಡಿದ. ಯಾವ ಮನೆಗೆ ಹೋದರೂ ಮೊದಲು ಮೇಲೆ ನೋಡುವುದು, ಆಮೇಲೆ ಒಳಗೆ ಕಾಲಿಡುವುದು. ಸೂರಿನಲ್ಲಿ ಬಾಳೆಗೊನೆ ಕಟ್ಟಿದ್ದರೆ ಅದರ ಕೆಳಗೆ ಕೂರುತ್ತಿರಲಿಲ್ಲ, ಬೇರೆ ಜಾಗ ಇಲ್ಲದಿದ್ದರೆ ನಿಂತೇ ಉಣ್ಣುತ್ತಿದ್ದ. ಮಾತು ಕಮ್ಮಿ. ಇನ್ನೊಂದು ಮುದ್ದೆ ಹಾಕಲಾ ಎಂದರೆ, "ಈ ಸರದಿಗೆ ಸಾಕು ಕಣಕ್ಕ, ಮುಂದಿನ ಸರದೀಲಿ ನೋಡಾಣ" ಎನ್ನುತ್ತಿದ್ದ. ಇದೆಂಥ ಭಾಷೆ ಎಂದು ನನಗೆ ತಿಳಿದದ್ದು ಅವನ ಆಟಕ್ಕೆ ಕೂತ ಮೇಲೆ.

ಮೈಸೂರಿನ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಅವನಿಗೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಕತೆಯ ಪುಸ್ತಕವಲ್ಲ, ಕತೆ ಆಡುವ ಪುಸ್ತಕ. ಒಬ್ಬ ಕತೆ ನಡೆಸುತ್ತಾನೆ, ಮಿಕ್ಕವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ ಎಂದು ಬಾಯಲ್ಲಿ ಹೇಳುತ್ತಾರೆ, ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಮುಂದೆ ಬರುವ ಕಾಲದ ಕತೆ. ನೀರು ಏರಿ ಭೂಮಿ ಮುಳುಗಿದೆ, ಊರುಗಳೆಲ್ಲ ಎತ್ತರದ ಕಂಬಗಳ ಮೇಲೆ ಇವೆ, ಊರಿಂದ ಊರಿಗೆ ಹೋಗುವುದೆಲ್ಲ ಗಾಳಿಯಲ್ಲಿ ನಿಲ್ಲಬಲ್ಲ ವಿಮಾನದಲ್ಲಿ. ಅವನು ಡಿಕ್ಷನರಿ ಇಟ್ಟುಕೊಂಡು ಅದನ್ನು ಉದ್ದನೆಯ ನೋಟ್‌ಬುಕ್ಕಿಗೆ ಕನ್ನಡದಲ್ಲಿ ಇಳಿಸುತ್ತಿದ್ದ. ಸ್ಟೀಲ್ ಸ್ಕೇಲಿನಲ್ಲಿ ಗೆರೆ ಎಳೆದು, ಗೆರೆಯ ಮೇಲೆ ದುಂಡಗೆ ಬರೆಯುತ್ತಿದ್ದ. ಪುಸ್ತಕದಲ್ಲಿ ಯುದ್ಧ ಇತ್ತು, ಬೇರೆ ಗ್ರಹದ ಜನ ಇದ್ದರು. ಅವನು ಅದನ್ನೆಲ್ಲ ಬಿಟ್ಟು ವಿಮಾನವನ್ನು ಗಾಳಿಯಲ್ಲಿ ನಿಲ್ಲಿಸುವ ಅಧ್ಯಾಯ ಒಂದಕ್ಕೇ ಅಂಟಿಕೊಂಡಿದ್ದ. ಮೂರು ಸಲ ಬರೆದ. ಸಾಲದು ಎಂದು ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸಿದ.

ಭಾನುವಾರ ಮಧ್ಯಾಹ್ನ ಮೆಸ್ಸು ಖಾಲಿ. ಎಲೆ ಎತ್ತಿ ಮೇಜು ಒರೆಸಿದ ಮೇಲೆ ಅವನು ಹಳೇ ಕ್ಯಾಲೆಂಡರು ಹಾಳೆಯ ಹಿಂಬದಿಯನ್ನು ಹಾಸುತ್ತಿದ್ದ. ಅದರ ತುಂಬ ಚೌಕ. ಸೋಡಾ ಬಾಟಲಿಯ ಮುಚ್ಚಳಕ್ಕೆ ಬಣ್ಣ ಬಳಿದು ಮೂತಿ ಯಾವ ಕಡೆ ಎಂದು ಗುರುತು ಹಾಕಿದ್ದ, ಅದೇ ವಿಮಾನ. ಆಡಲು ಇಬ್ಬರು ಇದ್ದರು. ಒಬ್ಬ ಅವನ ಫ್ಯಾಕ್ಟರಿಯ ಗೇಟು ಕಾಯುವ ಮಾದೇವ, ಎಡಗಾಲು ಎಳೆದು ನಡೆಯುವವನು. ಇನ್ನೊಬ್ಬಳು ಪ್ಯಾಕಿಂಗ್ ಸೆಕ್ಷನ್ನಿನ ಮಣಿ, ಬಾಯಿಗೆ ಬೀಗ ಇಲ್ಲದವಳು. ಮಣಿ ಡಾಕ್ಟರು, ಮಾದೇವ ರಿಪೇರಿಯವನು. ಪೈಲಟ್ ಇರಲಿಲ್ಲ.

"ಅಕ್ಕ, ಬಾ ಕುಂತ್ಕೊ" ಅಂದ ಒಂದು ಭಾನುವಾರ. "ರೂಲು ಓದ್ತೀನಿ. ತಿಳೀತಾ ಹೇಳು."

ಓದಿದ. ನನಗೆ ತಿಳಿಯಿತು. "ಅಕ್ಕನ್ಗೆ ತಿಳುದ್ರೆ ಲೋಕಕ್ಕೇ ತಿಳ್ದಂಗೆ" ಎಂದು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದ. ಆಮೇಲೆ ಪ್ರತಿ ವಾರ ಅದೇ ಮಾತು, ಅದೇ ಟಿಕ್ಕು. ಆರು ತಿಂಗಳು ಅದನ್ನು ಹೊಗಳಿಕೆ ಎಂದು ತಿಳಿದು ಉಬ್ಬಿದ್ದೆ. ಮಣಿ ಒಂದು ದಿನ, "ಅಕ್ಕ, ದಡ್ಡೀಗೂ ತಿಳೀತದೆ ಅಂತ ಅಂದ ಅಲ್ವಾ ಅವ್ನು" ಎಂದು ಬಿಡಿಸಿ ಹೇಳಿದಳು. ಅಷ್ಟು ಹೊತ್ತಿಗೆ ನಾನು ಪೈಲಟ್ ಆಗಿ ಹಳಬಳಾಗಿದ್ದೆ.

ಪೈಲಟ್ ಆದದ್ದೂ ಸುಳ್ಳು ಹೇಳಿ. ನಾನು ಟಿ. ನರಸೀಪುರದವಳು. ನಮ್ಮಪ್ಪ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದ. ಅಷ್ಟು ನಿಜ. "ನಾನೂ ಹುಟ್ಟು ಹಾಕಿದೋಳೇ ಕಣ್ರೋ, ತುಂಬಿದ್ ಹೊಳೇಲಿ ಈ ದಡದಿಂದ ಆ ದಡಕ್ಕೆ" ಎಂದು ಸೇರಿಸಿದ್ದು ಮಾತ್ರ ನನ್ನ ಸ್ವಂತದ್ದು. ಯಾರೂ ಕೇಳಿರಲಿಲ್ಲ. ಬಾಯಿಗೆ ಬಂತು, ಹೇಳಿದೆ. ಹಾಗಾದರೆ ಪೈಲಟ್ ನೀನೇ ಎಂದು ಮುಚ್ಚಳವನ್ನು ನನ್ನ ಮುಂದೆ ಸರಿಸಿದರು.

ಅವನ ರೂಲು ಹೀಗಿತ್ತು. ಒಂದು ಸರದಿಯಲ್ಲಿ ವೇಗವನ್ನು ಒಂದು ಏರಿಸಬಹುದು ಇಲ್ಲ ಒಂದು ಇಳಿಸಬಹುದು. ಮೂತಿಯನ್ನು ತಿರುಗಿಸಬಹುದು. ಓಡುತ್ತಿರುವಾಗ ದಾಳ ಹಾಕಬೇಕಾಗಿಲ್ಲ. ನಿಲ್ಲಿಸಿದರೆ ಹಾಕಬೇಕು, ನಿಂತಷ್ಟು ಸರದಿಯೂ ಹಾಕಬೇಕು. ಕಡಿಮೆ ಬಿದ್ದರೆ ಗಾಳಿ ಒಂದು ಚೌಕ ತಳ್ಳುತ್ತದೆ. "ಓಡೋದ್ಕೆ ಇಲ್ದ ಕಷ್ಟ ನಿಲ್ಲೋದ್ಕೆ ಯಾಕಪ್ಪ" ಎಂದು ಕೇಳಿದ್ದೆ. "ನಿಲ್ಲೋದೇ ಕೆಲ್ಸ ಕಣಕ್ಕ" ಅಂದ. ನಾನು ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತವಳು, ಒಪ್ಪಿಕೊಂಡೆ.

ಪುಸ್ತಕದಲ್ಲಿ ಇಲ್ಲದೆ ಅವನೇ ಸೇರಿಸಿದ್ದು ಓಲಾಟದ ರೂಲು. ವಿಮಾನದ ಕೆಳಗೆ ಹಗ್ಗದಲ್ಲಿ ಬುಟ್ಟಿ ಕಟ್ಟಿದ್ದರೆ, ವಿಮಾನ ನಿಂತ ಮೇಲೂ ಬುಟ್ಟಿ ನಿಲ್ಲುವುದಿಲ್ಲ. ಎಷ್ಟು ವೇಗದಲ್ಲಿ ಬಂದೆಯೋ ಅಷ್ಟು ಹುಣಸೆ ಬೀಜ ಪಕ್ಕದಲ್ಲಿ ಇಡಬೇಕು. ಅಲುಗದೆ ನಿಂತ ಒಂದೊಂದು ಸರದಿಗೆ ಒಂದೊಂದು ಬೀಜ ತೆಗೆಯಬೇಕು. ನಿಂತಲ್ಲೇ ಮೂತಿ ತಿರುಗಿಸಿದರೆ ಎರಡು ಬೀಜ ಕೂಡುತ್ತದೆ. ಬೀಜವೆಲ್ಲ ಹೋದ ಮೇಲೆ ಬುಟ್ಟಿ ಇಳಿಸಬೇಕು. ಈ ರೂಲು ಓದುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ತಿಳಿಯಿತಾ ಎಂದು ನನ್ನನ್ನು ಕೇಳಲೂ ಇಲ್ಲ, ಟಿಕ್ಕೂ ಹಾಕಲಿಲ್ಲ.

ಈ ರೂಲು ಓದಿದ ಭಾನುವಾರದ ಕತೆಯಲ್ಲಿ ಕಂಬದ ಮೇಲಿನ ಒಂದು ಊರಿಗೆ ಔಷಧಿ ಮುಟ್ಟಿಸಬೇಕಿತ್ತು. ಕಟ್ಟೆ ಚಿಕ್ಕದು, ವಿಮಾನ ಇಳಿಯಲು ಜಾಗ ಇಲ್ಲ. ಬುಟ್ಟಿಯಲ್ಲಿ ಒಬ್ಬರು ಕೂತು ಇಳಿಯಬೇಕು.

"ಬುಟ್ಟೀಲಿ ನಾನ್ ಕೂರ್ತೀನಿ" ಅಂದ ಮಾದೇವ.

"ರಿಪೇರಿ ಮಾಡೋನು ಒಳ್ಗಿರ್ಲಿ, ಮಣಿ ಕೂರ್ಲಿ" ಅಂದ ಅವನು.

"ಇಲ್ಲ ಕಣಣ್ಣ. ನಾನೇ ಕೂರ್ತೀನಿ."

ಸೋಮಾರಿ, ಬುಟ್ಟಿಯಲ್ಲಿ ಕೂತರೆ ಕೆಲಸ ಇರುವುದಿಲ್ಲ ಎಂದು ಹೀಗಂದ ಅಂದುಕೊಂಡೆ. ಕಟ್ಟೆಯ ಹತ್ತಿರ ಎರಡರ ವೇಗದಲ್ಲಿ ಬಂದು, ಎರಡು ಸರದಿಯಲ್ಲಿ ಇಳಿಸಿ ನಿಲ್ಲಿಸಿದೆ. ಎರಡು ಬೀಜ. ಅವನು, "ಎರಡು ಸರದಿ ಸುಮ್ನೆ ನಿಂತ್ಕೊ ಅಕ್ಕ" ಅಂದ. ಸುಮ್ಮನೆ ನಿಲ್ಲುವುದು ನನ್ನ ಜಾತಕದಲ್ಲಿ ಇಲ್ಲ. ನಮ್ಮಪ್ಪ ಹರಿಗೋಲನ್ನು ದಡಕ್ಕೆ ತರುವಾಗ ಒಂದು ಸುತ್ತು ಗಿರ್ರನೆ ತಿರುಗಿಸಿ ರಭಸ ಕೊಲ್ಲುತ್ತಿದ್ದ. ನೆನಪಾಯಿತು.

"ನಿಂತಲ್ಲೇ ಒಂದ್ ಸುತ್ತು ತಿರ್ಗಿಸ್ತೀನಿ" ಅಂದೆ. "ಓಲಾಟ ಅಲ್ಲೇ ಸಾಯ್ತದೆ."

"ತಿರ್ಗಿಸುದ್ರೆ ಎಳ್ಡು ಬೀಜ ಕೂಡ್ತದೆ. ರೂಲು ಅದೆ."

"ನಿನ್ ರೂಲ್ಗೆ ಏನ್ ಗೊತ್ತು. ಹರಿಗೋಲು ನಡ್ಸಿದೋಳು ನಾನು."

ತಿರುಗಿಸಿದೆ. ನಾಲ್ಕು ಬೀಜ. ನಾಲ್ಕು ಬೀಜಕ್ಕೆ ಎರಡು ದಾಳ ಸೇರಿ ಎಂಟರ ಮೇಲೆ ಬೀಳಬೇಕಿತ್ತು. ಐದು ಬಿತ್ತು. ಗಾಳಿ ತಳ್ಳಿತು, ಬುಟ್ಟಿ ತೂಗಿ ಹೋಗಿ ಕಂಬಕ್ಕೆ ಬಡಿಯಿತು. ಪೆಟ್ಟು ಎಲ್ಲಿಗೆ ಎಂದು ಅವನ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಇತ್ತು, ದಾಳದ ಒಂದೊಂದು ಅಂಕಿಗೆ ಒಂದೊಂದು ಜಾಗ. ಅವನು ದಾಳ ಹಾಕಿದ, ಪಟ್ಟಿ ನೋಡಿದ. ಓದಲಿಲ್ಲ.

ಮಾದೇವ ಬಗ್ಗಿ ನೋಡಿದ. "ಕಾಲು" ಅಂದ. "ಓದಣ್ಣ."

ಅವನು ಓದಲಿಲ್ಲ. ನನಗೋ ಸೋತ ಸಿಟ್ಟು. "ಆಟ ತಾನೆ, ಇನ್ನೊಂದ್ ಸಲ ದಾಳ ಆಕ್ತೀನಿ ಬುಡು" ಅಂದೆ.

"ಬಿದ್ದದ್ದು ಬಿತ್ತು ಕಣಕ್ಕ. ಎತ್ತಕ್ಕಾಗಲ್ಲ."

"ಓ, ಬಂದ್ಬುಟ್ಟ ದೊಡ್ಡ ಮನ್ಷ. ಸ್ಟೋರಲ್ ಕುಂತು ನಟ್ಟು ಬೋಲ್ಟು ಎಣಿಸೋನು. ಕುಂತ್ಕೊಂಡ್ ರೂಲ್ ಬರೀತೀಯಲ್ಲ, ನೀನ್ ಯಾವತ್ತಾರ ಒಂದ್ ದಿನ ಗಾಳೀಲಿ ಏನಾರ ನಿಲ್ಸಿದ್ದೀಯಾ?"

ಅವನು ನೋಟ್‌ಬುಕ್ಕು ಮುಚ್ಚಿದ. ಸ್ಕೇಲನ್ನು ಅದರೊಳಗೆ ಇಟ್ಟ. "ಇವತ್ಗೆ ಸಾಕು" ಎಂದು ಚಪ್ಪಲಿ ಮೆಟ್ಟಿ ಹೋದ. ಹಾಳೆ, ಮುಚ್ಚಳ, ನಾಲ್ಕು ಬೀಜ ಎಲ್ಲ ಮೇಜಿನ ಮೇಲೆ ಹಾಗೇ ಇದ್ದವು.

ನಾನು ಮಾದೇವನ ಕಡೆ ತಿರುಗಿ, "ನೋಡ್ಲಾ, ಎಂಥ ಕೋಪ" ಅಂದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ.

"ಅಕ್ಕ, ಅವ್ನು ಇಪ್ಪತ್ತು ವರ್ಷ ಕ್ರೇನ್ ನಡ್ಸಿದೋನು" ಅಂದ ಮಾದೇವ. "ಗಾಳೀಲಿ ನಿಲ್ಸೋದೇ ಅವ್ನ್ ಕೆಲ್ಸ ಆಗಿದ್ದು."

ನಿಧಾನಕ್ಕೆ ಹೇಳಿದ. ಎರಡು ವರ್ಷದ ಹಿಂದೆ ಕ್ರೇನಿನಲ್ಲಿ ಕಬ್ಬಿಣದ ತೊಟ್ಟಿ ತೂಗಿ ಬಂದು ಕೆಳಗಿದ್ದ ಮಾದೇವನ ಕಾಲಿಗೆ ಬಡಿದಿತ್ತು. ಕೆಳಗಿನಿಂದ ಯಾರೋ ಬೇಗ ಬೇಗ ಎಂದು ಕೂಗಿದ್ದರು. ಓಲಾಟ ನಿಲ್ಲುವ ಮೊದಲೇ ಮೇಲಿದ್ದ ಇವನು ಕ್ರೇನನ್ನು ಒಂದಿಷ್ಟು ತಿರುಗಿಸಿದ್ದ. ಆಮೇಲೆ ತಾನಾಗಿ ಕ್ರೇನ್ ಬೇಡ ಎಂದು ಸ್ಟೋರಿಗೆ ಹೋದ. ಮಾದೇವನನ್ನು ಗೇಟಿಗೆ ಹಾಕಿದರು. ಅವತ್ತಿನಿಂದ ಇಬ್ಬರೂ ದಿನಾ ಎದುರುಬದುರು ಕೂತು ಉಣ್ಣುತ್ತಿದ್ದರು. ಆ ವಿಷಯ ಒಂದು ಸಲವೂ ಎತ್ತಿರಲಿಲ್ಲ.

ನಾನು ಮಾದೇವನ ಕಾಲಿಗೆ ಏನಾಯಿತು ಎಂದು ಕೇಳಿದವಳೇ. "ಬಿದ್ದೆ ಕಣಕ್ಕ" ಅಂದಿದ್ದ. ಕುಡಿದು ಬಿದ್ದಿರಬೇಕು ಎಂದು ಮೆಸ್ಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

"ಓಲಾಟದ್ ರೂಲ್ ಓದ್ದಾಗ್ಲೇ ನಂಗೊತ್ತಾಯ್ತು" ಅಂದ ಮಾದೇವ. "ಮಾತ್ ತೆಗೀತಾವ್ನೆ ಅಂತ. ಅದ್ಕೇ ಬುಟ್ಟೀಲಿ ಕುಂತೆ. ಬಾಯ್ ಬುಡ್ತಾನೆ ಅಂತ ಕಾಯ್ತಿದ್ದೆ. ನೀನು ಮಧ್ಯ ಬಾಯಾಕ್ದೆ."

ಮಣಿ ಎದ್ದು ಲೋಟ ತೊಳೆಯಲು ಹೋದಳು. ಅವಳು ಬೈದಿದ್ದರೆ ವಾಸಿಯಾಗಿತ್ತು.

ಸೋಮವಾರ ಅವನು ಊಟಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಮಾದೇವ, "ರಜಾ ಆಕಿ ನರ್ಸೀಪುರಕ್ಕೆ ಅವ್ರಕ್ಕನ್ ಮನೆಗೆ ಓಗವ್ನೆ. ಬೇರೆ ಊರಿನ್ ಫ್ಯಾಕ್ಟ್ರೀಗೆ ಟ್ರಾನ್ಸ್‌ಫರ್ ಕೇಳ್ತಾವ್ನಂತೆ" ಅಂದ. ಹೇಳುತ್ತ ಉಣ್ಣುತ್ತಿದ್ದ. ಎದುರಿನ ಜಾಗ ಖಾಲಿ ಇತ್ತು.

"ಓಗ್ಲಿ ಬುಡು" ಅಂದೆ, ಮುಖ ಉಳಿಸಿಕೊಳ್ಳಲು.

"ಓಗ್ಲಿ. ಆದ್ರೆ ನಾನಿನ್ನೂ ಬುಟ್ಟೀಲಿ ನೇತಾಡ್ತಾವ್ನಿ. ಬಂದು ನನ್ನ ಕೆಳಕ್ಕಿಳ್ಸಿ ಆಮ್ಯಾಕೆ ಎಲ್ಲಿಗಾರ ಓಗಕ್ಕೇಳು."

ನನಗೇ ಹೇಳಿದ್ದು ಎಂದು ತಿಳಿಯಿತು. ಗುರುವಾರ ಮಣಿಗೆ ರಜಾ ಹಾಕಿಸಿ, ಮೆಸ್ಸನ್ನು ಅವಳಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಜೋಡಿಸಿದ್ದರಲ್ಲೆಲ್ಲ ಕೊನೆಗೆ ತಪ್ಪು ಅವನದೇ ಆಗುತ್ತಿತ್ತು.

ಅವನ ಅಕ್ಕನ ಮನೆ ಹೊಳೆಯ ಹತ್ತಿರದ ಬೀದಿಯಲ್ಲಿತ್ತು. ಮನೆ ತುಂಬ ನೆಂಟರು. ನನ್ನನ್ನು ನೋಡಿ ಗಾಬರಿಯಾದ. "ಬಾ ಅಕ್ಕ, ಒಳೆ ತಾವ್ಕೆ ಓಗಾಣ" ಅಂದ. ಸಂಗಮದ ಹತ್ತಿರ ಬಂದವರನ್ನು ಸುತ್ತಾಡಿಸುವ ಹರಿಗೋಲುಗಳು ಕಾಯುತ್ತಿದ್ದವು. ಅವನು ಅವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ನಿಲ್ಸಿ ತೋರ್ಸಕ್ಕ" ಅಂದ. "ತಿರ್ಗುಸ್ದ್ರೆ ಎಂಗೆ ನಿಲ್ತದೆ ಅಂತ. ರೂಲ್ ತಪ್ಪಿದ್ರೆ ತಿದ್ಕತೀನಿ."

ತಮಾಷೆಗೆ ಕೇಳಲಿಲ್ಲ. ಅದೇ ಅವನ ಕಷ್ಟ, ತಮಾಷೆ ಬರುತ್ತಿರಲಿಲ್ಲ. ನನಗೆ ಹಿಂದೆ ಸರಿಯಲು ಮಾನ ಬಿಡಲಿಲ್ಲ. ಇಬ್ಬರೂ ಹತ್ತಿದೆವು. ಹರಿಗೋಲಿನವನು ದಡದಿಂದ ನಾಲ್ಕು ಮಾರು ಒಳಗೆ ತಂದು ಹುಟ್ಟನ್ನು ನನ್ನ ಕೈಗೆ ಕೊಟ್ಟ. ನೀರಿಗೆ ಹಾಕಿದೆ. ಹರಿಗೋಲು ಎಡಕ್ಕೆ ತಿರುಗಿತು. ಬಲಕ್ಕೆ ತಿರುಗಿಸೋಣ ಎಂದು ಇನ್ನೊಮ್ಮೆ ಹಾಕಿದೆ. ಇನ್ನೂ ಜೋರಾಗಿ ಎಡಕ್ಕೇ ತಿರುಗಿತು. ದಡ ಒಂದು ಸಲ ಮುಂದೆ ಬರುತ್ತದೆ, ಒಂದು ಸಲ ಹಿಂದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ನನ್ನ ಹುಟ್ಟೂರು, ನನ್ನ ಹೊಳೆ, ನನ್ನ ಸೆರಗು ನನ್ನ ಮುಖಕ್ಕೇ ಸುತ್ತಿಕೊಂಡಿತು.

"ಅಮ್ಮೋ, ಹುಟ್ ಕೊಡಿ ಇತ್ಲಾಗೆ" ಅಂದ ಹರಿಗೋಲಿನವನು. "ನಂಗೇ ತಲೆ ಸುತ್ತ್ ಬತ್ತಾದೆ."

ಕೊಟ್ಟೆ. ಅಂಚು ಹಿಡಿದು ಕೂತೆ. "ನಾನು ಹುಟ್ಟು ಮುಟ್ಟಿದೋಳೇ ಅಲ್ಲ ಕಣಪ್ಪ" ಅಂದೆ, ಎದುರು ಕೂತಿದ್ದ ಅವನಿಗೆ. "ನಮ್ಮಪ್ಪ ನಡೆಸ್ತಿದ್ದ. ನಾನು ಮಧ್ಯ ಕುಂತು ಚೆಂಬಲ್ಲಿ ನೀರ್ ಮೊಗೀತಿದ್ದೆ. ಅಷ್ಟೇಯ."

"ನಂಗೊತ್ತಿತ್ತು."

"ಯಾವಾಗಿಂದ?"

"ಮೊದ್ಲ್ ದಿನದಿಂದ. ನಡ್ಸಿದೋರು ಅಷ್ಟ್ ಸಲೀಸಾಗಿ ನಿಲ್ಲಿಸ್ತೀನಿ ಅನ್ನಲ್ಲ."

ಸಿಟ್ಟು ಬರಬೇಕಿತ್ತು. ತಲೆ ಸುತ್ತುತ್ತಿದ್ದುದರಿಂದ ಬರಲಿಲ್ಲ. ಬಸ್ಸಿನಲ್ಲಿ ಜೋಡಿಸಿದ್ದ ಮಾತೆಲ್ಲ ಮರೆತುಹೋಗಿತ್ತು. "ನಾನ್ ಅವತ್ತು ಅಂದದ್ದು ತಪ್ಪು" ಎಂದಷ್ಟೇ ಹೇಳಿದೆ. ಆಮೇಲೆ ಮಾದೇವ ಹೇಳಿ ಕಳಿಸಿದ್ದನ್ನು ಹೇಳಿದೆ, ಬುಟ್ಟಿಯಲ್ಲಿ ನೇತಾಡುತ್ತಿದ್ದಾನೆ, ಇಳಿಸಿ ಎಲ್ಲಿಗಾದರೂ ಹೋಗು ಅಂದ ಎಂದು.

ಅವನು ನನ್ನ ಕಡೆ ತಿರುಗಿದ. "ಅಂಗಂದ್ನಾ?"

"ಅಂದ."

"ಯಾವ್ ಮೊಕದಲ್ಲಿ ಅಂದ?"

"ಉಣ್ತಾ ಅಂದ. ಎಳ್ಡ್ನೇ ಮುದ್ದೆ."

ಅವನು ಸೂರು ನೋಡುವಂತೆ ಮೇಲೆ ನೋಡಿದ. ಮೇಲೆ ಏನೂ ಇರಲಿಲ್ಲ, ಬರೀ ಆಕಾಶ.

ಭಾನುವಾರ ಬಂದ. ಹಾಳೆ ಹಾಸಿದ, ಮುಚ್ಚಳ ಇಟ್ಟ, ನಾಲ್ಕು ಬೀಜವನ್ನು ಎಣಿಸಿ ಪಕ್ಕದಲ್ಲಿ ಇಟ್ಟ. ಪಟ್ಟಿ ತೆಗೆದು, "ಕಾಲು" ಎಂದು ಗಟ್ಟಿಯಾಗಿ ಓದಿದ. ಆಮೇಲೆ ನನ್ನ ಕಡೆ ನೋಡಿ, "ಅಕ್ಕ, ಏನ್ ಮಾಡ್ತೀಯ?" ಅಂದ.

"ನಿಂತ್ಕತೀನಿ" ಅಂದೆ.

ದಾಳ ಹಾಕಿದೆ. ಒಂದು ಬೀಜ ಹೋಯಿತು. ಇನ್ನೊಂದು ಹೋಯಿತು. ಮೂರನೇ ಸಲ ಕಡಿಮೆ ಬಿದ್ದು ಗಾಳಿ ಒಂದು ಚೌಕ ತಳ್ಳಿತು. ನಿಧಾನ ಸರಿದು ವಾಪಸ್ಸು ಬಂದೆ, ಒಂದು ಬೀಜ ಮತ್ತೆ ಕೂಡಿತು. ಕೈ ತುರಿಸುತ್ತಿತ್ತು. ಆದರೂ ನಿಂತೆ.

"ಅಕ್ಕ ಇಷ್ಟೊತ್ತು ಬಾಯ್ ಮುಚ್ಚಿರದ ನಾ ನೋಡೇ ಇಲ್ಲ" ಅಂದಳು ಮಣಿ.

ಒಂಬತ್ತು ಸರದಿ ಆಯಿತು. ಕೊನೆಯ ಬೀಜವನ್ನು ಅವನೇ ಎತ್ತಿದ. ನಾನು ಬುಟ್ಟಿ ಇಳಿಸಿದೆ. "ಇಳೀತು" ಅಂದ. ಆಮೇಲೆ ಅವನು ಹಾಳೆಯನ್ನೇ ನೋಡುತ್ತ, "ಕಾಲು ಎಂಗದ್ಲಾ?" ಅಂದ.

"ಚಳೀಲಿ ಸೆಳೀತದೆ" ಅಂದ ಮಾದೇವ. "ಮೆಟ್ಲತ್ತದು ಕಷ್ಟ. ಮಿಕ್ಕಂಗೆ ಏನಿಲ್ಲ ಕಣಣ್ಣ."

"ನಾನ್ ತಿರುಗಿಸ್ಬಾರ್ದಾಗಿತ್ತು."

"ಊ. ತಿರುಗಿಸ್ಬಾರ್ದಾಗಿತ್ತು."

ಇಂಥ ಹೊತ್ತಿನಲ್ಲಿ ಮರ್ಯಾದಸ್ಥರು ಮಜ್ಜಿಗೆ ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಾರೆ. ನಾನು ಏಳಲಿಲ್ಲ. ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡೆ.

ಇಷ್ಟಾದ ಮೇಲೆ ಅವನು ಮತ್ತೆ ಕ್ರೇನ್ ಹತ್ತಿದ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಹತ್ತಲಿಲ್ಲ. ಟ್ರಾನ್ಸ್‌ಫರೂ ಕೇಳಲಿಲ್ಲ. ಸ್ಟೋರಿನಲ್ಲೇ ರಿಟೈರಾದ. ಆ ನೋಟ್‌ಬುಕ್ಕು ಅಚ್ಚಾಗಲಿಲ್ಲ. ನಾವು ನಾಲ್ಕು ಜನ ಬಿಟ್ಟು ಆ ಆಟವನ್ನು ಇನ್ಯಾರೂ ಆಡಿದಂತೆ ಕಾಣೆ.

ಬುಟ್ಟಿ ಇಳಿಸಿದ ಆ ಭಾನುವಾರ ಎದ್ದು ಹೋಗುವಾಗ ಅವನು ನೋಟ್‌ಬುಕ್ಕನ್ನು ನನ್ನ ಮುಂದೆ ಬಿಟ್ಟು ಹೋದ. ಓಲಾಟದ ರೂಲಿನ ಕೆಳಗೆ ಸ್ಕೇಲಿನಲ್ಲಿ ಎರಡು ಗೆರೆ ಎಳೆದಿದ್ದ, ಖಾಲಿ. "ಇಳ್ಸೋ ರೂಲ ನೀನೇ ಬರಿ ಅಕ್ಕ" ಅಂದ. "ನಾನ್ ಬರುದ್ರೆ ಉದ್ದ ಆಯ್ತದೆ."

ಮಾರನೆಯ ದಿನ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಮೇಜಿನ ಮುಂದೆ ಕೂತೆ. "ಓಲಾಟ ನಿಂತ ಮೇಲೆ ಇಳಿಸು" ಎಂದು ಬರೆಯುವುದಕ್ಕೆ ನನಗೆ ಬೇಕಾದ ಹೊತ್ತಿನಲ್ಲಿ ಇಪ್ಪತ್ತು ಜನಕ್ಕೆ ಇಡ್ಲಿ ಬೇಯುತ್ತಿತ್ತು. ಕಿಟಕಿಯಾಚೆ ಅವನೂ ಮಾದೇವನೂ ಬಂದು ಅಕ್ಕಪಕ್ಕ ನಿಂತದ್ದು ಕಂಡಿತು. ಮಾದೇವ ಗೋಡೆಗೆ ಒರಗಿ ಕಾಲು ಚಾಚಿದ್ದ, ಇವನು ಅವನ ಖಾಲಿ ತಿಂಡಿ ಡಬ್ಬಿ ಹಿಡಿದಿದ್ದ. "ಅಕ್ಕೋ, ಶಿಫ್ಟ್‌ಗೆ ಒತ್ತಾಯ್ತು" ಎಂದು ಮಾದೇವ ಕೂಗಿದ. ನಾನು ತಲೆ ಎತ್ತಲಿಲ್ಲ. ಮಾತು ಅರ್ಧಕ್ಕೆ ನಿಂತಿತ್ತು, ಇನ್ನೊಂದು ಗೆರೆ ಬಾಕಿ ಇತ್ತು. ಅದು ಮುಗಿಯುವ ತನಕ ಇಬ್ಬರನ್ನೂ ಹೊರಗೇ ನಿಲ್ಲಿಸಿದೆ.